ಪದಚರ್ಚೆ: ಟರ್ಮಿನಲ್‌ನ ‘ಬೆಲ್’ಗೆ ಕನ್ನಡದಲ್ಲಿ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಬಂದ ಉಡುಪಿ ಕಡೆಯ ಮಕ್ಕಳಿಗಾಗಿ ಲಿನಕ್ಸ್ ಕಮಾಂಡ್‌ಗಳ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರೋಗ್ರಾಂನಿಂದ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಅಕ್ಷರಗಳ ಪರದೆಯಲ್ಲಿ) ಬೀಪ್ ಬರಿಸುವುದು ಹೇಗೆ ಅನ್ನುವ ಪಾಠದಲ್ಲಿ ಒಂದು ಪದ ಕೂತಲ್ಲಿ ಕೂರುತ್ತಿಲ್ಲ. ನಿಮ್ಮ ಸಲಹೆ ಬೇಕು.

ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 7 ಎಂಬ ಸಂಕೇತದ ಹೆಸರು ಬೆಲ್. 1963ರ ಮೊದಲ ಪಟ್ಟಿಯಲ್ಲೇ ಅದು ಇತ್ತು. ತಂತಿಯಲ್ಲಿ ಬಂದದ್ದನ್ನು ಕಾಗದದ ಮೇಲೆ ಟೈಪ್ ಮಾಡುವ ಆಗಿನ ಟೆಲಿಟೈಪ್ ಯಂತ್ರದ ಒಳಗೆ ನಿಜವಾದ ಲೋಹದ ಗಂಟೆಯೇ ಇರುತ್ತಿತ್ತು. 7 ಬಂತು ಅಂದರೆ ಟಣ್ ಅನ್ನುತ್ತಿತ್ತು, ಕಾಗದದ ಮೇಲೆ ಏನೂ ಮೂಡುತ್ತಿರಲಿಲ್ಲ. ಇವತ್ತಿಗೂ ಅದೇ ಸಂಕೇತ. ಸಿ ಭಾಷೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನ ಸಣ್ಣ ‘ಎ’ ಬರೆದು ಪ್ರಿಂಟ್ ಮಾಡಿದರೆ ಆಯ್ತು. ಪೈಥಾನ್‌ನಲ್ಲೂ, ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಶೆಲ್‌ನ ಪ್ರಿಂಟ್‌ಎಫ್ ಕಮಾಂಡ್‌ನಲ್ಲೂ ಹಾಗೇ.

ಸುಮ್ನೆ ‘ಗಂಟೆ’ ಅಂದುಬಿಡೋಣ ಅಂದರೆ, ನಮ್ಮ ಗಂಟೆಗೆ ಎರಡು ಅರ್ಥ. ಲಿನಕ್ಸ್ ಕನ್ಸೋಲ್‌ನಲ್ಲಿ (ಕಿಟಕಿಗಳಿಲ್ಲದ ಬರೀ ಅಕ್ಷರಗಳ ಪರದೆಯಲ್ಲಿ) ಬೀಪ್ ಎಷ್ಟು ಹೊತ್ತು ಇರಬೇಕು ಅಂತ ನಾವೇ ಹೇಳಬಹುದು. ನಾವು ಹೇಳದಿದ್ದರೆ ಅದು 125 ಮಿಲಿಸೆಕೆಂಡ್. ಇದನ್ನು ‘ಗಂಟೆಯ ಅವಧಿ 125 ಮಿಲಿಸೆಕೆಂಡ್’ ಅಂತ ಬರೆದರೆ ಓದುವ ಹುಡುಗನ ಗತಿ ಏನು? ಕೆಲವರು ಬಾರಿಸುವುದಕ್ಕೆ ‘ಘಂಟೆ’ ಅಂತ ಬೇರೆ ಬರೆಯುತ್ತಾರೆ. ಬರಹದಲ್ಲಿ ಅದು ಸರಿ. ಆದರೆ ತರಗತಿಯಲ್ಲಿ ಬಾಯಿಬಿಟ್ಟು ಹೇಳುವಾಗ ಆ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ.

ಹಾಗಾದರೆ ‘ಬೀಪ್’ ಸಾಕಲ್ವಾ? ಸಾಲದು. ಈ ಪಾಠದ ಮುಖ್ಯ ವಿಷಯವೇ ಅಲ್ಲಿ ಕೈತಪ್ಪುತ್ತದೆ. ಪ್ರೋಗ್ರಾಂ ಸದ್ದು ಮಾಡುವುದಿಲ್ಲ. ಅದು ಒಂದು ಬೈಟ್ ಕಳಿಸುತ್ತದೆ, ಅಷ್ಟೇ. ಅದನ್ನು ಏನು ಮಾಡಬೇಕು ಅನ್ನುವುದು ಟರ್ಮಿನಲ್‌ಗೆ ಬಿಟ್ಟದ್ದು. ಒಂದು ಬೀಪ್ ಮಾಡುತ್ತದೆ, ಇನ್ನೊಂದು ಪರದೆಯನ್ನು ಒಮ್ಮೆ ಮಿನುಗಿಸುತ್ತದೆ, ಮತ್ತೊಂದು ಸೆಟ್ಟಿಂಗ್‌ನಲ್ಲಿ ಆಫ್ ಆಗಿದ್ದರೆ ಸುಮ್ಮನಿರುತ್ತದೆ. ಮನೆಯಲ್ಲಿ ಕೂತು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸೇರಿಸುವ ಪ್ರೋಗ್ರಾಂ) ಮೂಲಕ ಕಾಲೇಜಿನ ಸರ್ವರ್‌ನಲ್ಲಿ ಪ್ರೋಗ್ರಾಂ ಓಡಿಸಿದರೆ ಸದ್ದು ಬರುವುದು ಮನೆಯ ಲ್ಯಾಪ್‌ಟಾಪಿನಿಂದ, ಸರ್ವರ್‌ನಿಂದ ಅಲ್ಲ. ಔಟ್‌ಪುಟ್ಟನ್ನು ಫೈಲಿಗೆ ಕಳಿಸಿದರೆ ಆ ಬೈಟ್ ಫೈಲಿನೊಳಗೆ ತೆಪ್ಪಗೆ ಕೂತಿರುತ್ತದೆ. ನಾಳೆ ಯಾರೋ ಆ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ಪರದೆಗೆ ಸುರಿದಾಗ ಕೀ ಅನ್ನುತ್ತದೆ! ಮಕ್ಕಳಿಗೆ ಇದು ಅರ್ಥವಾಗಬೇಕಾದರೆ ಕಳಿಸುವುದಕ್ಕೆ ಒಂದು ಪದ, ಕೇಳಿಸುವುದಕ್ಕೆ ಇನ್ನೊಂದು ಪದ ಬೇಕೇ ಬೇಕು.

ಸಿ ಭಾಷೆಯ 1989ರ ಸ್ಟ್ಯಾಂಡರ್ಡ್ ಇದನ್ನು ಬೆಲ್ ಅನ್ನದೆ ಅಲರ್ಟ್ ಅಂದಿತು. ಆ ‘ಎ’ ಬಂದದ್ದು ಅಲ್ಲಿಂದ. ‘ಬಿ’ ಮೊದಲೇ ಬ್ಯಾಕ್‌ಸ್ಪೇಸ್‌ಗೆ ಸೇರಿತ್ತು. ಕೇಳಿಸಬೇಕು ಅಥವಾ ಕಾಣಿಸಬೇಕು, ಕರ್ಸರ್ ಮಾತ್ರ ಇದ್ದಲ್ಲಿಂದ ಕದಲಬಾರದು, ಇಷ್ಟೇ ಅದರ ನಿಯಮ. ಒಳ್ಳೆಯ ವಿವರಣೆ. ಆದರೆ ಅಲರ್ಟ್‌ಗೆ ‘ಎಚ್ಚರಿಕೆ’ ಅಂದರೆ ನಾವು ಬರೆದ ಪ್ರೋಗ್ರಾಂನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೊಡುವ ವಾರ್ನಿಂಗ್‌ಗೆ ಏನು ಉಳಿಯುತ್ತದೆ? ಅದಕ್ಕೆ ಎಚ್ಚರಿಕೆ ಅಂತ ಹಿಂದಿನ ಪಾಠಗಳಲ್ಲೇ ಬರೆದಾಗಿದೆ.

‘ಕರೆಗಂಟೆ’ಯ ಮೇಲೆ ನನಗೆ ಸ್ವಲ್ಪ ಆಸೆ ಇದೆ. ಮನೆ ಬಾಗಿಲಲ್ಲಿ ಸ್ವಿಚ್ ಒತ್ತುವವರು ಹೊರಗೆ, ಸದ್ದಾಗುವುದು ಒಳಗೆ; ಒಳಗಿನವರು ವಯರ್ ತೆಗೆದಿಟ್ಟರೆ ಎಷ್ಟು ಒತ್ತಿದರೂ ಇಲ್ಲ. ಟರ್ಮಿನಲ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ನಮ್ಮೂರಲ್ಲಿ ಯಾರೂ ಕರೆಗಂಟೆ ಅನ್ನುವುದಿಲ್ಲ, ಕಾಲಿಂಗ್ ಬೆಲ್ ಅನ್ನುತ್ತಾರೆ. ಶಾಲೆಯಲ್ಲೂ ‘ಬೆಲ್ ಆಯ್ತು’ ಅಂತಲೇ. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಪ್ರೋಗ್ರಾಂ ಬೆಲ್ ಕಳಿಸುತ್ತದೆ, ಟರ್ಮಿನಲ್ ಬೀಪ್ ಮಾಡುತ್ತದೆ.’ ಪರದೆ ಮಿನುಗುವ ಬಗೆಗೆ ‘ಕಾಣುವ ಬೆಲ್’ ಅಂದಿದ್ದೇನೆ. ‘ದೃಶ್ಯ ಘಂಟೆ’ ಅನ್ನಲು ಮನಸ್ಸು ಒಪ್ಪಲಿಲ್ಲ. ಇದಕ್ಕಿಂತ ಸಲೀಸಾದ ಮಾತು ನಿಮಗೆ ಹೊಳೆದರೆ ಹೇಳಿ.

ಇನ್ನೊಂದು ವಿಷಯ ಹಿರಿಯರನ್ನು ಕೇಳಬೇಕು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತಾ ಬಂದಾಗ ಬೆಲ್ ಆಗುತ್ತಿತ್ತಲ್ಲ, ಮಂಗಳೂರಿನ ಟೈಪಿಂಗ್ ಕ್ಲಾಸುಗಳಲ್ಲಿ ಅದಕ್ಕೆ ಏನು ಹೇಳುತ್ತಿದ್ದರು? ಟೆಲಿಪ್ರಿಂಟರಿನಲ್ಲಿ ತುರ್ತು ಸುದ್ದಿ ಬರುವಾಗ ಸುದ್ದಿಸಂಸ್ಥೆಗಳು ಇಂಥದೇ ಬೆಲ್ ಸಂಕೇತ ಕಳಿಸುತ್ತಿದ್ದವು. ‘ಉದಯವಾಣಿ’ 1970ರಲ್ಲಿ ಮಣಿಪಾಲದಲ್ಲಿ ಶುರುವಾಯಿತು. ಅಲ್ಲಿ ಅಥವಾ ಮಂಗಳೂರಿನ ಪತ್ರಿಕೆಗಳಲ್ಲಿ ಆ ಕಾಲದಲ್ಲಿ ಡೆಸ್ಕಿನಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಆ ಸದ್ದು ಕೇಳಿದಾಗ ನೀವು ಒಬ್ಬರಿಗೊಬ್ಬರು ಏನಂತ ಕೂಗಿ ಹೇಳುತ್ತಿದ್ದಿರಿ? ಅದು ತುಳುವಿನಲ್ಲೋ ಕೊಂಕಣಿಯಲ್ಲೋ ಇದ್ದರೂ ಪರವಾಗಿಲ್ಲ, ಇದ್ದದ್ದು ಇದ್ದ ಹಾಗೇ ಬರೆಯಿರಿ.