ಹಳದಿ ಚುಕ್ಕಿ ಮತ್ತು ಕೆಲಸದ ಲೆಕ್ಕ

ಗ್ರಾಹಕ ಸೇವೆಯ ನೌಕರ:
ಕೀಲಿಮಣೆ, ಮೌಸ್ ಎರಡೂ ಐದು ನಿಮಿಷ ಅಲುಗದಿದ್ದರೆ ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ನಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಗೆ ತಿರುಗುತ್ತದೆ. ಸಂಜೆ ಆ ಹಳದಿ ನಿಮಿಷಗಳ ಮೊತ್ತ ಮೇಲ್ವಿಚಾರಕರ ಕೈ ಸೇರುತ್ತದೆ. ಕಳೆದ ವಾರ ಗ್ರಾಹಕರೊಬ್ಬರ ಹಳೆಯ ದೂರುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ತಾಳೆ ನೋಡಿದಾಗ ತಪ್ಪಿನ ಮೂಲ ಸಿಕ್ಕಿ, ಅವರ ಸಮಸ್ಯೆ ಅಂದೇ ಬಗೆಹರಿಯಿತು. ವರದಿಯಲ್ಲಿ ಮಾತ್ರ ನಾನು 22 ನಿಮಿಷ ಸುಮ್ಮನೆ ಕುಳಿತವನು. ಅಂದಿನಿಂದ ಯೋಚಿಸುವಾಗಲೂ ನನ್ನ ಕೈ ಮೌಸನ್ನು ಆಡಿಸುತ್ತಲೇ ಇರುತ್ತದೆ, ಯೋಚನೆ ಅರ್ಧಕ್ಕೇ ನಿಲ್ಲುತ್ತದೆ.

ತಂಡದ ಮುಖ್ಯಸ್ಥೆ:
ತಮಗಾದದ್ದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ದಾಖಲೆಯೇ ಬೇಡವೆಂದರೆ ನಾನು ಒಪ್ಪಲಾರೆ. ನಮ್ಮ ತಂಡದವರೊಬ್ಬರು ಒರಟಾಗಿ ಮಾತಾಡಿದರೆಂದು ದೂರು ಬಂದಾಗ ಅವರ ಕೆಲಸ ಉಳಿಸಿದ್ದು ಕರೆಯ ಧ್ವನಿಮುದ್ರಣವೇ. ಒಬ್ಬರು ಕೈಚೆಲ್ಲಿ ಕುಳಿತರೆ ಹೊರೆ ಬೀಳುವುದು ಪಕ್ಕದವರ ಮೇಲೆ ಎಂಬುದನ್ನೂ ಮರೆಯಬಾರದು.

ಕಾನೂನು ವಿದ್ಯಾರ್ಥಿ:
ಧ್ವನಿಮುದ್ರಣದ ವಿಷಯ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ದೂರು ಬಂದಾಗ ಮಾತ್ರ ಅದನ್ನು ಕೇಳುತ್ತಾರೆ. ಚುಕ್ಕಿಯ ಲೆಕ್ಕ ಹಾಗಲ್ಲ, ಅದು ಎಲ್ಲರನ್ನೂ ಎಲ್ಲ ಹೊತ್ತೂ ಅನುಮಾನದಿಂದ ನೋಡುತ್ತದೆ. ರೊಮೇನಿಯದ ಎಂಜಿನಿಯರ್ ಒಬ್ಬರು ಕಚೇರಿ ಕೆಲಸಕ್ಕೆ ತೆರೆದಿದ್ದ ಯಾಹೂ ಮೆಸೆಂಜರ್ ಖಾತೆಯಿಂದ ತಮ್ಮ ಸಹೋದರನಿಗೂ ಮದುವೆ ನಿಶ್ಚಯವಾಗಿದ್ದವಳಿಗೂ ಕಳುಹಿಸಿದ್ದ ಸಂದೇಶಗಳನ್ನು ಸಂಸ್ಥೆ ದಾಖಲಿಸಿಕೊಂಡು, 2007ರಲ್ಲಿ ಅವರನ್ನು ಕೆಲಸದಿಂದ ತೆಗೆದಿತ್ತು. ಖಾಸಗಿ ಬಳಕೆಗೆ ನಿಷೇಧವಿದ್ದರೂ, ನಿಗಾ ಎಷ್ಟರ ಮಟ್ಟಿನದೆಂದು ಮೊದಲೇ ತಿಳಿಸಲಾಗಿತ್ತೇ, ಅದಕ್ಕೆ ತಕ್ಕ ಕಾರಣವಿತ್ತೇ ಎಂಬುದನ್ನು ಅಲ್ಲಿನ ನ್ಯಾಯಾಲಯಗಳು ಸರಿಯಾಗಿ ಪರಿಶೀಲಿಸಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಸೆಪ್ಟೆಂಬರ್‌ನಲ್ಲಿ 11–6ರ ಬಹುಮತದಿಂದ ತೀರ್ಪಿತ್ತಿತು. ಸಂಬಳ ಕೊಟ್ಟ ಮಾತ್ರಕ್ಕೆ ನೌಕರನ ಖಾಸಗಿ ಬದುಕು ಸಂಸ್ಥೆಯ ಸೊತ್ತಾಗುವುದಿಲ್ಲ.

ತಂಡದ ಮುಖ್ಯಸ್ಥೆ:
ಹಾಗಾದರೆ ಒಬ್ಬೊಬ್ಬರ ಬದಲು ಇಡೀ ತಂಡದ ಅಂಕಿ ಮಾತ್ರ ನೋಡಿದರೆ ಸಾಲದೇ? ಟೀಕೆಗಳು ಬಂದ ಮೇಲೆ ಮೈಕ್ರೋಸಾಫ್ಟ್ ಕೂಡ 2020ರ ಡಿಸೆಂಬರ್‌ನಲ್ಲಿ ತನ್ನ ತಂತ್ರಾಂಶ ಬಳಸುವ ಸಂಸ್ಥೆಗಳಿಗೆ ಕೊಡುತ್ತಿದ್ದ ಉತ್ಪಾದಕತೆಯ ಅಂಕಪಟ್ಟಿಯಿಂದ ಅಲ್ಲಿನ ನೌಕರರ ಹೆಸರುಗಳನ್ನು ತೆಗೆದುಹಾಕಿತು.

ಗ್ರಾಹಕ ಸೇವೆಯ ನೌಕರ:
ಅಷ್ಟಾದರೂ ದೊಡ್ಡ ನೆಮ್ಮದಿಯೇ. ಹೆಸರು ಇರಲೇಬೇಕೆಂದಾದರೆ, ನನ್ನ ಬಗ್ಗೆ ಬರೆದದ್ದು ಮೊದಲು ನನ್ನ ಕಣ್ಣಿಗೆ ಬೀಳಲಿ. ಆ 22 ನಿಮಿಷಗಳ ಪಕ್ಕದಲ್ಲಿ "ದೂರು ಪರಿಶೀಲಿಸುತ್ತಿದ್ದೆ" ಎಂದು ಬರೆಯಲು ಒಂದು ಸಾಲಿನ ಜಾಗವೂ ನನಗಿರಲಿಲ್ಲ.