ಸಹಾಯ ಬೇಕು: ಅಮ್ಮನ ಮಂಡಿನೋವು, ಟೊವೆಲ್ ಸರೋವರದ ಸುತ್ತು

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಮ್ಮನ ಜೊತೆ ಇಟಲಿಗೆ ಹೊರಟಿದ್ದೀವಿ. ಅಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಟೊವೆಲ್ ಅಂತ ಸರೋವರ. 1964ರವರೆಗೂ ಒಂದು ಬಗೆಯ ಪಾಚಿಯಿಂದ ಬೇಸಿಗೇಲಿ ನೀರು ಕೆಂಪಾಗ್ತಿತ್ತಂತೆ, ಆಮೇಲೆ ನಿಂತೋಯ್ತು. ಇದನ್ನ ಅಮ್ಮನಿಗೆ ಹೇಳಿದ್ದೇ ತಪ್ಪಾಯ್ತು. "ಕೆಂಪಿಲ್ಲದಿದ್ರೂ ಪರವಾಗಿಲ್ಲ, ಸರೋವರಕ್ಕೆ ಒಂದು ಸುತ್ತು ಹಾಕ್ಲೇಬೇಕು" ಅಂತ ಹಠ ಹಿಡಿದಿದ್ದಾರೆ.

ಕುಕ್ಕರಹಳ್ಳಿ ಕೆರೇಲಿ ದಿನಾ ಆರಾಮಾಗಿ ನಡೀತಾರೆ. ಆದ್ರೆ ಮನೆ ಮುಂದಿನ ಮೂರೇ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೊಂಡು ಅಡ್ಡಡ್ಡ ಕಾಲಿಡ್ತಾರೆ. ಟ್ರಾವೆಲ್ಸ್‌ನವರನ್ನ ಕೇಳಿದ್ರೆ "ಈಸಿ ಸಾರ್" ಅಷ್ಟೆ. ವಿಡಿಯೋದಲ್ಲಿ ನೋಡಿದ್ರೆ ಕೆಲವು ಕಡೆ ಬೇರು, ಬಂಡೆ ಕಾಣುತ್ತೆ.

ಹೋಗಿ ಬಂದವರು ಹೇಳಿ: ಪೂರ್ತಿ ಸುತ್ತಲ್ಲಿ ಹತ್ತಿ ಇಳಿಯೋದು ಎಷ್ಟಿದೆ? ಮಂಡಿನೋವಿನವರು ಕೋಲು ಹಿಡ್ಕೊಂಡು ಮುಗಿಸಬಹುದಾ, ಇಲ್ಲ ಅರ್ಧಕ್ಕೇ ವಾಪಸ್ ಬರೋದು ವಾಸಿನಾ?