ಹದಿನೈದು ತುಂಬುತ್ತಿರುವ ವ್ಯಾಗನ್ ಆರ್ ಬದಲಿಗೆ ಏನು? ಮಲೆನಾಡು ರಸ್ತೆ, ಮಂಡಿನೋವಿನ ಅತ್ತೆ, ಹತ್ತು ಲಕ್ಷದೊಳಗೆ

ತೀರ್ಥಹಳ್ಳಿ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ವ್ಯಾಗನ್ ಆರ್‌ಗೆ ಈ ಜೂನ್‌ಗೆ ಹದಿನೈದು ವರ್ಷ. 2011ರ ಗಾಡಿ, ಪೆಟ್ರೋಲ್, ಕೆಎ 14. ಇಂಜಿನ್ ಈಗಲೂ ಗಟ್ಟಿ, ಚಳಿಗಾಲದ ಬೆಳಿಗ್ಗೆಯೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂರುತ್ತದೆ. ಸೋತಿರುವುದು ಕೆಳಗಿನ ತಗಡು. ನಮ್ಮ ಮಳೆಗೆ, ನಮ್ಮ ಕೆಸರಿಗೆ ಇಷ್ಟು ವರ್ಷ ತಡೆದದ್ದೇ ದೊಡ್ಡದು. ಹಿಂದಿನ ಎಡಬಾಗಿಲ ಹತ್ತಿರ ಕಾರ್ಪೆಟ್ ಎತ್ತಿದರೆ ಒಂದು ಕಡೆ ಅಂಗಳ ಕಾಣುತ್ತದೆ.

ಆರ್‌ಸಿ (ನೋಂದಣಿ) ರಿನ್ಯೂ ಮಾಡಿಸಿ ಇನ್ನೈದು ವರ್ಷ ಓಡಿಸುವುದೋ, ಬದಲಾಯಿಸುವುದೋ ಎಂಬ ಚರ್ಚೆ ನಮ್ಮಲ್ಲಿ ದೀಪಾವಳಿಯಿಂದ ನಡೆಯುತ್ತಿದೆ. ಮಗ ಬೆಂಗಳೂರಿನಿಂದ ದಿನಕ್ಕೊಂದು ವಿಡಿಯೋ ಕಳಿಸುತ್ತಾನೆ. ಅವನಿಗೆ ಸನ್‌ರೂಫ್ ಬೇಕಂತೆ. ಆಷಾಢದ ಆಗುಂಬೆಯಲ್ಲಿ ಅದನ್ನು ತೆರೆದು ಏನು ನೋಡುತ್ತಾನೋ ಗೊತ್ತಿಲ್ಲ. ಯಜಮಾನರಿಗೆ ಹಳೆಯ ಡೀಸೆಲ್ ಇನ್ನೋವಾ ಮೇಲೆ ಕಣ್ಣು, ಅಡಿಕೆ ಮೂಟೆ ಹಾಕಬಹುದು ಅಂತ. ಮೂಟೆಗೆ ಪಿಕಪ್ ಬಾಡಿಗೆಗೆ ಸಿಗುತ್ತದೆ, ಅತ್ತೆಗೆ ಸಿಗುವುದಿಲ್ಲ ಎಂದು ನಾನು ಹೇಳಿದ್ದೇನೆ.

ನಿಜವಾದ ವಿಷಯ ಅತ್ತೆಯದೇ. ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ಹೋಗಿವೆ. ಆಸ್ಪತ್ರೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ಓಡಿಸುವವಳು ನಾನು. ಅವರು ಕಾರು ಹತ್ತುವುದಕ್ಕೆ ಒಂದು ಕ್ರಮವಿದೆ. ಮೊದಲು ಕಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಸೀಟಿನ ಅಂಚು ತೊಡೆಯ ಹಿಂಭಾಗಕ್ಕೆ ತಾಗಿತೋ, ಅಲ್ಲೇ ಕೂರುತ್ತಾರೆ. ಸೆರಗು ಒಳಗೆಳೆದುಕೊಂಡು, ಒಂದೊಂದೇ ಕಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಒಳಗಿಡುತ್ತಾರೆ. ವ್ಯಾಗನ್ ಆರ್ ಸೀಟು ಅವರ ಅಳತೆಗೇ ಮಾಡಿಸಿದ ಹಾಗಿದೆ. ಮೈದುನನ ಸೆಡಾನಿನಲ್ಲಿ ಕೂರುವುದೆಂದರೆ ಬೀಳುವುದು, ಇಳಿಸುವುದಕ್ಕೆ ಇಬ್ಬರು ಬೇಕು. ಹಾಗಾಗಿ ಸೆಡಾನ್ ಸಲಹೆ ಕೊಡಬೇಡಿ, ಎಷ್ಟೇ ಚೆನ್ನಾಗಿರಲಿ.

ಇನ್ನೊಂದು, ಟಾರು ರಸ್ತೆಯಿಂದ ಮನೆಗೆ ಇಳಿಯುವ ಮಣ್ಣು ದಾರಿ. ಮಳೆಗಾಲದಲ್ಲಿ ಎರಡೂ ಚಕ್ರದ ಜಾಡು ಕೊರೆದು ನಡುವಿನ ದಿಣ್ಣೆ ಎದ್ದು ನಿಲ್ಲುತ್ತದೆ, ಅಡಿ ಕೆರೆಯುತ್ತದೆ. ಹತ್ತು ಲಕ್ಷ ಆನ್‌ರೋಡ್ (ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ) ದಾಟುವುದಿಲ್ಲ. ಹೊಸದೋ ಸೆಕೆಂಡ್ ಹ್ಯಾಂಡೋ, ಮ್ಯಾನುವಲ್ಲೋ ಆಟೊಮ್ಯಾಟಿಕ್ಕೋ, ಹೇಳಿ.

ಗ್ಯಾರೇಜ್_ಶಿವಮೊಗ್ಗ:

ಮೇಡಂ, ಮೊದಲು ಇರೋ ಗಾಡಿ ಲೆಕ್ಕ ಮುಗಿಸಿ. ಹದಿನೈದು ವರ್ಷ ಆಯ್ತು ಅಂತ ಗುಜರಿಗೆ ಹಾಕಬೇಕು ಅನ್ನೋ ರೂಲು ನಮ್ಮಲ್ಲಿಲ್ಲ, ಅದು ದಿಲ್ಲಿ ಕಡೆ ಕಥೆ. ಇಲ್ಲಿ ಫಾರಂ 25 ಹಾಕಿ, ಗಾಡಿ ಆರ್‌ಟಿಓಗೆ ತೋರಿಸಿ ಪಾಸಾದರೆ ಐದು ವರ್ಷ ಸಿಗುತ್ತೆ. ಅವಧಿ ಮುಗಿಯೋಕೆ ಅರವತ್ತು ದಿನ ಇರುವಾಗಿಂದ ಅರ್ಜಿ ಹಾಕಬಹುದು. ಹಿಂದೆ ಇದು ಆರುನೂರು ರೂಪಾಯಿ ಕೆಲಸ, 2022ರ ಏಪ್ರಿಲ್‌ನಿಂದ ಕಾರಿಗೆ 5000. ಅದರ ಮೇಲೆ ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500 ದಂಡ.

ಪ್ರಶ್ನೆ ದುಡ್ಡಿಂದಲ್ಲ, ತಗಡಿಂದು. ಕಾರ್ಪೆಟ್ ಕೆಳಗಿನ ತೂತು ಕಂಡು ಹೆದರಬೇಡಿ. ಅದನ್ನ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಹೊಡೆದು ಅಂಡರ್ ಕೋಟಿಂಗ್ ಬಳಿದರೆ ಮುಗೀತು. ನೋಡಬೇಕಾದ್ದು ಬಾಗಿಲ ಕೆಳಗೆ ಉದ್ದಕ್ಕೆ ಹೋಗೋ ಬಾಕ್ಸು, ಮತ್ತೆ ಮುಂದಿನ ಚಕ್ರ ಹಿಡಿಯೋ ಲೋವರ್ ಆರ್ಮ್ ಕೂರೋ ಅಡ್ಡ ಚೌಕಟ್ಟು (ಕ್ರಾಸ್ ಮೆಂಬರ್). ಗಾಡಿ ಲಿಫ್ಟ್ ಮೇಲೆ ಹತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಲ್ಲಿ ಉದ್ದಕ್ಕೂ ತಟ್ಟಿಸಿ. ಟಣ್ ಅಂದ್ರೆ ಜೀವ ಇದೆ. ಬದ್ ಅಂದ್ರೆ ಒಳಗೆ ಪುಡಿಯಾಗಿದೆ, ಆ ಗಾಡಿಯಲ್ಲಿ ವಯಸ್ಸಾದವರನ್ನ ಕೂರಿಸಿಕೊಂಡು ಘಾಟಿ ಇಳಿಯಬೇಡಿ. ಇಂಜಿನ್ ಎಷ್ಟೇ ಚೆನ್ನಾಗಿರಲಿ.

ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಹಳೆ ಗಾಡಿಯ ಪೆಟ್ರೋಲ್ ಪೈಪು, ಓರಿಂಗು ಬೇಗ ಗಟ್ಟಿಯಾಗಿ ಬಿರಿಯಬಹುದು, ಮೈಲೇಜೂ ಸ್ವಲ್ಪ ಇಳಿಯುತ್ತೆ. ರಿನ್ಯೂವಲ್‌ಗೆ ಹೋಗೋದಾದರೆ ಆ ರಬ್ಬರ್ ಸಾಮಾನೆಲ್ಲ ಬದಲಾಯಿಸಿಬಿಡಿ.

ಇನ್ನೋವಾ ವಿಷಯ ಸರ್‌ಗೆ ಹೇಳಿ: ಗಾಡಿ ಬಂಗಾರ, ಆದರೆ ನಿಮ್ಮ ಬಜೆಟ್ಟಿಗೆ ಬರೋದರಲ್ಲಿ ಮೀಟರ್ ನಂಬೋದು ಕಷ್ಟ. ಟ್ಯಾಕ್ಸಿ ಓಡಿದ್ದನ್ನ ವೈಟ್ ಬೋರ್ಡ್ ಮಾಡಿಸಿ ಮಾರೋರು ಇದ್ದಾರೆ. ಆರ್‌ಸಿ ಹಿಸ್ಟರಿ ತೆಗೆಸದೆ ಅಡ್ವಾನ್ಸ್ ಕೊಡಬೇಡಿ.

ಕುಂದಾಪ್ರದವ:

ಟೀಚರ್, ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು ಮಾರಾಯ್ರೆ. ಇಲ್ಲಿ ಎಲ್ಲರೂ ಟಚ್‌ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುವವರೇ.

ನನ್ನ ಲೆಕ್ಕದಲ್ಲಿ ನಿಮಗಿರುವುದು ಎರಡೇ: ಹೊಸ ವ್ಯಾಗನ್ ಆರ್, ಇಲ್ಲದಿದ್ದರೆ ಟಾಟಾ ಪಂಚ್. ಎರಡನ್ನೂ ನಾವು ನೋಡಿದ್ದೆವು, ಅಮ್ಮನಿಗೆ ಸೊಂಟದ ಆಪರೇಷನ್ ಆಗಿದ್ದ ಕಾರಣ.

ವ್ಯಾಗನ್ ಆರ್ ಸೀಟಿನ ಎತ್ತರ ನಿಮಗೆ ಗೊತ್ತೇ ಇದೆ. ಅದರ ಮೇಲೆ 2025ರ ಡಿಸೆಂಬರಿನಲ್ಲಿ ಮಾರುತಿಯವರು ಅದಕ್ಕೆ ತಿರುಗುವ ಸೀಟು ತಂದಿದ್ದಾರೆ. ಮುಂದಿನ ಎಡಸೀಟು ಬಾಗಿಲ ಕಡೆಗೆ ತಿರುಗುತ್ತದೆ, ಕೂತ ಮೇಲೆ ಒಳಗೆ ತಿರುಗಿಸಿಕೊಳ್ಳುವುದು. ಬೆಂಗಳೂರಿನ ಒಂದು ಸ್ಟಾರ್ಟಪ್ ಜೊತೆ ಮಾಡಿದ್ದು. ಆಯ್ದ ಕೆಲವು ಊರುಗಳ ಶೋರೂಮಿನಲ್ಲಿ ಮಾತ್ರ ಶುರು ಮಾಡಿದ್ದಾರೆ, ಹಾಗಾಗಿ ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಆದರೆ ಒಂದು ಮಾತು. ಕಾರು ಗುದ್ದಿಸಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಪರೀಕ್ಷೆ ಇದೆಯಲ್ಲ, 2023ರ ಆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವ್ಯಾಗನ್ ಆರ್‌ಗೆ ದೊಡ್ಡವರ ಲೆಕ್ಕದಲ್ಲಿ ಒಂದು ಸ್ಟಾರ್, ಮಕ್ಕಳ ಲೆಕ್ಕದಲ್ಲಿ ಸೊನ್ನೆ. ಈಗ ಎಲ್ಲ ಮಾಡೆಲ್ಲಿಗೂ ಆರು ಏರ್‌ಬ್ಯಾಗ್ ಕೊಡುತ್ತಾರೆ, ಆಗ ಪರೀಕ್ಷೆಯಾದದ್ದು ಎರಡರದ್ದು. ಆದರೆ ಆಗ ಬಾಡಿಯ ಚೌಕಟ್ಟೇ ಅಸ್ಥಿರ ಅಂತ ಬರೆದಿದ್ದರು, ಅದು ಬಲೂನು ಜಾಸ್ತಿ ಮಾಡಿದರೆ ಸರಿಯಾಗುವಂಥದ್ದಲ್ಲ. ಪಂಚ್ 2021ರಲ್ಲೇ ಐದು ಸ್ಟಾರ್ ತೆಗೆದುಕೊಂಡಿತ್ತು.

ಪಂಚ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ. ಕ್ಯಾಟಲಾಗಿನಲ್ಲಿ ಓದುವಾಗ ಏನೂ ಅನ್ನಿಸುವುದಿಲ್ಲ, ಮಂಡಿ ಮಡಚಲಾಗದವರನ್ನು ಕೂರಿಸುವಾಗ ಗೊತ್ತಾಗುತ್ತದೆ. ಅಡಿಯೂ ಎತ್ತರ, ನಿಮ್ಮ ದಿಣ್ಣೆಗೆ ಸಾಕು. ತೊಂದರೆ ಇರುವುದು ಬಾಗಿಲ ಹೊಸ್ತಿಲಿನಲ್ಲಿ. ಅದು ಎತ್ತರ, ಅಗಲವೂ ಹೆಚ್ಚು, ಕಾಲನ್ನು ಅದರ ಮೇಲಿಂದ ದಾಟಿಸಬೇಕು. ಕೈಯಲ್ಲಿ ಕಾಲೆತ್ತಿ ಇಡುವವರಿಗೆ ಆ ನಾಲ್ಕು ಬೆರಳಿನ ವ್ಯತ್ಯಾಸವೇ ದೊಡ್ಡದು.

ಅತ್ತೆಯನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ. ಸೀರೆಯಲ್ಲೇ ಬರಲಿ. ಸೇಲ್ಸ್ ಹುಡುಗನಿಗೆ ಕಾರನ್ನು ಆ ಟೈಲ್ಸ್ ಮೇಲಿಂದ ಹೊರಗೆ ತರಲು ಹೇಳಿ.

ವೈಟ್‌ಫೀಲ್ಡ್_ಇವಿ:

ಪಂಚ್ ಇವಿ ಯಾಕೆ ಯಾರೂ ಹೇಳ್ತಿಲ್ಲ? ಕ್ಲಚ್ ಇಲ್ಲ, ಗೇರ್ ಇಲ್ಲ, ಘಾಟಿ ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರುತ್ತೆ. ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್. ಜಿಎಸ್‌ಟಿ ಬರೀ ಶೇ. 5. ಮನೆಯ 15 ಆಂಪ್ಸ್ ಪ್ಲಗ್ಗಿಗೆ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯೋದು. ನಾನು ಪೆಟ್ರೋಲ್ ಬಂಕ್ ಮುಖ ನೋಡಿ ವರ್ಷ ಆಯ್ತು.

ತೀರ್ಥಹಳ್ಳಿ_ಟೀಚರ್:

ವೈಟ್‌ಫೀಲ್ಡ್ ಅವರೇ, ನಿಮ್ಮ ಮಾತು ನಿಮ್ಮ ಊರಿಗೆ ಸರಿ. ನಮ್ಮಲ್ಲಿ ಜುಲೈನಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಮೊಬೈಲ್ ಚಾರ್ಜ್ ಮಾಡಲು ಪೇಟೆಗೆ ಹೋಗಬೇಕು, ಆ ಪೇಟೆಗೆ ಹೋಗಲು ಕಾರು ಬೇಕು. ರಾತ್ರಿ ಹೊತ್ತು ಅತ್ತೆಗೆ ಉಸಿರು ಸಿಕ್ಕಿಕೊಂಡಾಗ ಬ್ಯಾಟರಿ ಎಷ್ಟಿದೆ ಅಂತ ನೋಡುತ್ತಾ ನಿಲ್ಲುವ ಧೈರ್ಯ ನನಗಿಲ್ಲ. ಎರಡನೇ ಕಾರಾಗಿ ಆದರೆ ಯೋಚಿಸುತ್ತಿದ್ದೆ.

ಗ್ಯಾರೇಜ್ ಅಣ್ಣ, ನೀವು ಹೇಳಿದ ಹಾಗೆ ತಟ್ಟಿಸಿದೆ. ಬಲಗಡೆ ಟಣ್, ಎಡಗಡೆ ಬದ್. ನಮ್ಮೂರ ವೆಲ್ಡಿಂಗ್‌ನವರು ಮಾಡಿಕೊಡ್ತೀನಿ ಅಂದರು, ಆದರೆ ಅವರ ಮುಖದಲ್ಲಿ ಉತ್ಸಾಹವಿರಲಿಲ್ಲ. ಹಾಗಾಗಿ ರಿನ್ಯೂವಲ್ ಮಾತು ನಿಂತಿತು. ಇನ್ನೋವಾ ಮಾತನ್ನೂ ನಿಮ್ಮ ಕಾಮೆಂಟ್ ತೋರಿಸಿ ನಿಲ್ಲಿಸಿದ್ದೇನೆ, ಯಜಮಾನರು ನಿಮ್ಮನ್ನು ಒಮ್ಮೆ ಭೇಟಿಯಾಗಬೇಕು ಅಂತಿದ್ದಾರೆ!

ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್, ಅದರ ಬಗ್ಗೆ ಹೇಳಿ. ನನಗೂ ಐವತ್ತು ದಾಟಿತು, ಶಾಲೆ ಬಿಡುವ ಹೊತ್ತಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿಯುವುದು ಸಾಕಾಗಿದೆ. ಆದರೆ ಆಗುಂಬೆಯ ಹದಿನಾಲ್ಕು ತಿರುವು ಅದರಲ್ಲಿ ಹತ್ತಬಹುದಾ?

ಗ್ಯಾರೇಜ್_ಶಿವಮೊಗ್ಗ:

ಹತ್ತುತ್ತೆ ಮೇಡಂ, ಆದರೆ ನೀವು ಅದಕ್ಕೆ ಬುದ್ಧಿ ಹೇಳಬೇಕು. ಎಎಂಟಿ ಅಂದ್ರೆ ಒಳಗೆ ಅದೇ ಕ್ಲಚ್ಚು, ಅದೇ ಗೇರ್‌ಬಾಕ್ಸು, ತುಳಿಯೋ ಕಾಲಿನ ಬದಲು ಮೋಟಾರ್ ಇದೆ ಅಷ್ಟೆ. ತಿರುವಿನಲ್ಲಿ ನೀವು ಆಕ್ಸಿಲರೇಟರ್ ಬಿಟ್ಟ ಕೂಡಲೇ ಅದು ಮೇಲಿನ ಗೇರಿಗೆ ಹೋಗಿಬಿಡುತ್ತೆ, ಮತ್ತೆ ಒತ್ತಿದಾಗ ಯೋಚನೆ ಮಾಡಿ ಕೆಳಗೆ ಬರುತ್ತೆ. ಆ ಒಂದು ಗಳಿಗೆ ಎದುರಿಗೆ ಬಸ್ ಇದ್ದರೆ ಎದೆ ಧಸಕ್ ಅನ್ನುತ್ತೆ. ಘಾಟಿ ಶುರುವಾಗೋ ಮೊದಲೇ ಲಿವರ್ ಮ್ಯಾನುವಲ್ ಮೋಡಿಗೆ ಹಾಕಿ. ಹತ್ತುವಾಗ ಒಂದು, ಎರಡರಲ್ಲಿ ಹಿಡಿದುಕೊಳ್ಳಿ. ಇಳಿಯುವಾಗಲೂ ಎರಡರಲ್ಲೇ ಬಿಡಿ, ಬ್ರೇಕ್ ಬಿಸಿಯಾಗೋದಿಲ್ಲ. ಏರಿನಲ್ಲಿ ನಿಲ್ಲಿಸಿದಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸೋ ಚಾಳಿ ಬೇಡ, ಕ್ಲಚ್ ಸುಡುತ್ತೆ. ಹ್ಯಾಂಡ್ ಬ್ರೇಕ್ ಎಳೀರಿ.

ನನ್ನ ಕೇಳಿದರೆ ಮ್ಯಾನುವಲ್. ನಮ್ಮ ಕಡೆ ಯಾವ ಹಳ್ಳಿ ಗ್ಯಾರೇಜಿನವನಾದರೂ ಕ್ಲಚ್ ಇಳಿಸಿ ಹಾಕ್ತಾನೆ, ಎಎಂಟಿಯ ಆ ಮೋಟಾರ್ (ಆಕ್ಚುಯೇಟರ್) ಕೈ ಕೊಟ್ಟರೆ ಗಾಡಿ ಎಳೆದುಕೊಂಡು ಶಿವಮೊಗ್ಗಕ್ಕೇ ಬರಬೇಕು. ನನಗೆ ವ್ಯಾಪಾರ ಆಗುತ್ತೆ, ಆದರೂ ಹೇಳ್ತಿದ್ದೀನಿ.

ತೀರ್ಥಹಳ್ಳಿ_ಟೀಚರ್:

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅತ್ತೆಯನ್ನು ಕರೆದುಕೊಂಡು ಎರಡೂ ಶೋರೂಮಿಗೆ ಹೋಗಿ ಬಂದೆವು.

ವ್ಯಾಗನ್ ಆರ್‌ನಲ್ಲಿ ಕೂತು "ಇದು ನಮ್ಮದೇ ಅಲ್ವಾ" ಅಂದರು. ತಿರುಗುವ ಸೀಟು ಅಲ್ಲಿರಲಿಲ್ಲ. ಅದರ ವಿಡಿಯೋ ತೋರಿಸಿದರೆ, "ನಾನೇನು ತೊಟ್ಟಿಲ ಮಗುವಾ" ಎಂದು ಮುಖ ತಿರುಗಿಸಿದರು.

ಪಂಚ್‌ನಲ್ಲಿ ಕುಂದಾಪ್ರದವರು ಹೇಳಿದ್ದು ಅಕ್ಷರಶಃ ಆಯಿತು. ಬೆನ್ನು ಕೊಟ್ಟು ಕೂರುವುದು ಸಲೀಸು, ಬಾಗಿಲು ಅಷ್ಟು ಅಗಲ ತೆರೆಯುವುದರಿಂದ ನಾನೂ ಪಕ್ಕದಲ್ಲಿ ನಿಲ್ಲಬಹುದು. ಬಲಗಾಲು ಒಳಗೆ ಬಂತು, ಎಡಗಾಲು ಹೊಸ್ತಿಲಿಗೆ ತಗುಲಿ ನಿಂತಿತು. ಸೇಲ್ಸ್ ಹುಡುಗ ಸೈಡ್ ಸ್ಟೆಪ್ ಹಾಕಿಸಿ ಅಂದ. ನಮ್ಮ ದಾರಿಯಲ್ಲಿ ಅದು ಮೊದಲ ಮಳೆಗೇ ಕಳಚಿ ತೋಟ ಸೇರುತ್ತದೆ. ಅತ್ತೆಯೇ ದಾರಿ ಹೇಳಿದರು: ಮನೆಯಲ್ಲಿ ಕಾರನ್ನು ಜಗಲಿಕಟ್ಟೆಗೆ ಒತ್ತಿ ನಿಲ್ಲಿಸು, ಕಟ್ಟೆಯ ಮೇಲಿಂದ ಹತ್ತುತ್ತೇನೆ, ಕಾಲು ಎತ್ತುವ ಕೆಲಸವೇ ಇಲ್ಲ. ಮಣಿಪಾಲದಲ್ಲಿ ವೀಲ್‌ಚೇರ್ ಹಿಡಿದುಕೊಳ್ಳುವ ಹುಡುಗರಿರುತ್ತಾರೆ. ದಾರಿಯಲ್ಲಿ ಇಳಿಯಬೇಕಾದರೆ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್.

ಹಾಗಾಗಿ ಪಂಚ್, ಪೆಟ್ರೋಲ್, ಮ್ಯಾನುವಲ್. ಒಂದು ಸ್ಟಾರ್ ಎಂಬುದು ಓದಿದ ಮೇಲೆ ರಾತ್ರಿ ಘಾಟಿಯಲ್ಲಿ ಎದುರು ಬರುವ ಟಿಪ್ಪರ್ ದೀಪ ಬೇರೆ ಥರ ಕಾಣಲು ಶುರುವಾಗಿದೆ. ಸನ್‌ರೂಫ್ ಇಲ್ಲದ ಮಾಡೆಲ್ಲನ್ನೇ ಆರಿಸಿದ್ದೇನೆ, ಮಗನಿಗೆ ಇನ್ನೂ ಹೇಳಿಲ್ಲ.

ಕೊಟೇಷನ್ ನೋಡಿ ಮಾತ್ರ ತಲೆ ತಿರುಗಿತು. ಶೋರೂಮ್ ಬೆಲೆಗೂ ಆನ್‌ರೋಡಿಗೂ ಇಷ್ಟು ಅಂತರ ಯಾಕೆ? ಹಳೆಯ ಕಾರನ್ನು ನಮ್ಮ ತೋಟಕ್ಕೆ ಬರುವವರೊಬ್ಬರು ಕೇಳುತ್ತಿದ್ದಾರೆ, ಕೊಡಬಹುದಾ?

ಸಾಗರದ_ಇನ್ಶೂರೆನ್ಸ್:

ಅಕ್ಕ, ಆ ಅಂತರಕ್ಕೆ ಮುಖ್ಯ ಕಾರಣ ನಮ್ಮ ರಾಜ್ಯದ ಲೈಫ್ ಟ್ಯಾಕ್ಸು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಅದರ ಮೇಲೆ ಸೆಸ್ಸು. ಸಮಾಧಾನಕ್ಕೆ ಒಂದು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಅದರ ಮೇಲಿದ್ದ ಕೇಂದ್ರದ ಸೆಸ್ಸೂ ಹೋಗಿದೆ. ಅದಕ್ಕೇ ಈಗ ಎರಡು ಮೂರು ವರ್ಷದ ಹಳೇ ಕಾರು ತಗೊಳ್ಳೋದರಲ್ಲಿ ಅಷ್ಟು ಲಾಭ ಉಳಿದಿಲ್ಲ.

ಇನ್ಶೂರೆನ್ಸ್ ಲೈನ್ ನೋಡಿ. ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಇದ್ದು ಕ್ಲೇಮ್ ಮಾಡದೇ ಇದ್ದರೆ ಆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ನಿಮ್ಮದು, ಕಾರಿಂದಲ್ಲ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ (ನಮ್ಮ ಕಾರಿನ ಹಾನಿಯ) ಪ್ರೀಮಿಯಮ್ಮಿನಲ್ಲಿ ಅರ್ಧ ಬಿಡ್ತಾರೆ. ಹಳೇ ಕಂಪನಿಯಿಂದ ಎನ್‌ಸಿಬಿ ಲೆಟರ್ ತಂದು ಹೊಸ ಪಾಲಿಸಿಗೆ ಹಾಕಿಸಿ. ಶೋರೂಮಿನವರು ತಾವಾಗಿ ಹೇಳೋದು ಕಡಿಮೆ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ.

ಹಳೇ ಕಾರು ಕೊಡೋದಾದರೆ ಈಗಲೇ ಕೊಡಿ, ಜೂನ್‌ವರೆಗೆ ಎಳೆಯಬೇಡಿ. ಆರ್‌ಸಿ ಅವಧಿ ಮುಗಿದರೆ ಮೊದಲು ರಿನ್ಯೂ ಮಾಡಿಸದೆ ಟ್ರಾನ್ಸ್‌ಫರ್ ಆಗಲ್ಲ, ಆ ಖರ್ಚು ನಿಮ್ಮ ತಲೆಗೇ ಬರುತ್ತೆ. ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಮಾಡಿಕೊಟ್ಟು "ಆಮೇಲೆ ಮಾಡಿಸ್ಕೋತಾರೆ ಬಿಡು" ಅಂತ ಬಿಡಬೇಡಿ. ಹೆಸರು ಬದಲಾಗೋವರೆಗೆ ಅವರು ಎಲ್ಲಿ ಗುದ್ದಿದರೂ ನೋಟಿಸ್ ಬರೋದು ನಿಮ್ಮ ಮನೆಗೆ. ಡೆಲಿವರಿ ಕೊಟ್ಟ ತಾರೀಕು, ಗಂಟೆ ಬರೆದು ಇಬ್ಬರೂ ಸೈನ್ ಹಾಕಿದ ಚೀಟಿ ಇಟ್ಟುಕೊಳ್ಳಿ.

ಗ್ಯಾರೇಜ್_ಶಿವಮೊಗ್ಗ:

ಕೊಡೋ ಮೊದಲು ಎಡಗಡೆ ಬಾಕ್ಸ್ ವಿಷಯ ಅವರಿಗೆ ಹೇಳಿಬಿಡಿ ಮೇಡಂ. ಪೇಟೆ ಕೆಲಸಕ್ಕೆ ಓಡಿಸಲಿ, ಘಾಟಿ ಬೇಡ. ಬೆಲೆ ಐದು ಸಾವಿರ ಕಡಿಮೆ ಮಾಡಿ ಆ ದುಡ್ಡಿಗೆ ವೆಲ್ಡಿಂಗ್ ಮಾಡಿಸಿಕೊಳ್ಳೋಕೆ ಹೇಳಿ. ಸರ್ ಯಾವತ್ತು ಬರ್ತಾರೆ ಕೇಳಿ ತಿಳಿಸಿ, ಭಾನುವಾರ ಗ್ಯಾರೇಜ್ ರಜ.